ಬಿಚ್ಚದೆ ತೊಳೆದ ಕೊಳವೆ ಮತ್ತು ನಲವತ್ತೊಂದು ಮೊಣಕಾಲು

ನಾಲ್ಕನೇ ಮಹಡಿಯಲ್ಲಿ ಕೂರುವ ವೈದ್ಯಕೀಯ ಅಧೀಕ್ಷಕರಿಗೆ, ಅದೇ ಕಟ್ಟಡದ ನೆಲಮಾಳಿಗೆಯಿಂದ, ಪತ್ರಿಕೆಯ ಮೂಲಕ ಒಂದು ಬಹಿರಂಗ ಪತ್ರ,

ಮಾನ್ಯರೇ, ನಲವತ್ತೊಂದು ಜನರಿಗೆ ಒಂದು ಮಾತು ಹೇಳಬೇಕಾಗಿದೆ. ಆ ಮಾತು ನಿಮಗೆ ಗೊತ್ತು, ನನಗೆ ಗೊತ್ತು, ಅವರಿಗೆ ಮಾತ್ರ ಗೊತ್ತಿಲ್ಲ. ನಿಮ್ಮ ಆಸ್ಪತ್ರೆಯಲ್ಲಿ ಹನ್ನೊಂದು ವಾರ ಮೊಣಕಾಲಿನ ಶಸ್ತ್ರಚಿಕಿತ್ಸೆಗೆ ಬಳಸಿದ ಒಂದು ಉಪಕರಣವನ್ನು ಒಮ್ಮೆಯೂ ಬಿಚ್ಚಿ ತೊಳೆದಿರಲಿಲ್ಲ. ಒಬ್ಬರ ಮೊಣಕಾಲಿನೊಳಗಿನ ರಕ್ತ, ಮಾಂಸದ ಚೂರು ಅದರ ಹೊಟ್ಟೆಯಲ್ಲಿ ಕೂತು ಇನ್ನೊಬ್ಬರ ಮೊಣಕಾಲಿಗೆ ಹೋಗಿದೆ. ಇದನ್ನು ಏಳು ತಿಂಗಳ ಹಿಂದೆ ನಿಮ್ಮ ಕೋಣೆಗೇ ಬಂದು ಹೇಳಿದೆ. ಆಮೇಲೆ ಮೂರು ಸಲ ಬರೆದು ಕೊಟ್ಟೆ. ನಿಮ್ಮಿಂದ ಬಂದ ಉತ್ತರ ಒಂದೇ ಸಾಲಿನದು: ‘ತಮ್ಮ ಮನವಿಯನ್ನು ಪರಿಶೀಲಿಸಲಾಗಿದೆ.’ ಓದಿ ನಗು ಬಂತು. ನಗು ಬಂದದ್ದಕ್ಕೆ ಕೂಡಲೇ ನಾಚಿಕೆಯೂ ಆಯಿತು. ಯಾಕೆಂದರೆ ಆ ಉಪಕರಣದ ಜೊತೆಗಿದ್ದ ಕಾರ್ಡುಗಳಲ್ಲಿ ‘ಪರೀಕ್ಷಿಸಲಾಗಿದೆ’ ಎಂಬ ಪದದ ಮುಂದೆ, ನನ್ನ ರಜೆಯ ದಿನಗಳನ್ನು ಬಿಟ್ಟು, ಮೂವತ್ತಮೂರು ಸಲ ಸಹಿ ಹಾಕಿದವಳು ನಾನೇ.

ನೀವು ನನ್ನನ್ನು ಮರೆತಿದ್ದರೆ ತಪ್ಪೇನಿಲ್ಲ. ನೀವು ಈ ಹುದ್ದೆಗೆ ಬಂದ ಆರು ವರ್ಷಗಳಲ್ಲಿ ಕೆಳಗೆ ಇಳಿದದ್ದು ಒಂದೇ ಸಲ, ಹೊಸ ಆಟೋಕ್ಲೇವ್ ಉಗಿಯಂತ್ರದ ಮುಂದೆ ಫೋಟೋ ತೆಗೆಸಿಕೊಳ್ಳಲು. ಆಗ ನಿಮ್ಮ ಕರವಸ್ತ್ರ ಮೂಗಿನ ಮೇಲಿತ್ತು. ಫೋಟೋದ ಅಂಚಿನಲ್ಲಿ ನೀಲಿ ಏಪ್ರನ್ ತೊಟ್ಟ ಒಂದು ಮೊಣಕೈ ಕಾಣುತ್ತದೆ, ಅದು ನನ್ನದು. ಇಪ್ಪತ್ತಾರು ವರ್ಷ ಆ ಕೋಣೆಯಲ್ಲಿ ಉಪಕರಣ ತೊಳೆದಿದ್ದೇನೆ. ಮನೆಗೆ ಬಂದ ನೆಂಟರಿಗೆ ನಾನು ನರ್ಸ್ ಅಲ್ಲ, ಆಯಾ ಅಲ್ಲ ಎಂದು ವಿವರಿಸುವಷ್ಟರಲ್ಲಿ ಅವರ ಕಾಫಿ ತಣ್ಣಗಾಗುತ್ತದೆ. ಕೊನೆಗೆ ಅವರು, ‘ಓ, ಪಾತ್ರೆ ತೊಳೆಯೋ ಥರಾನಾ?’ ಎನ್ನುತ್ತಾರೆ. ಹೌದು ಎಂದುಬಿಡುತ್ತೇನೆ. ನಿಮ್ಮ ಆಡಳಿತಕ್ಕೂ ಅದು ಅಷ್ಟೇ ಆಗಿತ್ತು ಎಂದು ನನಗೆ ತಡವಾಗಿ ತಿಳಿಯಿತು.

ಪಾತ್ರೆ ತೊಳೆದಂತಲ್ಲ, ಮಾನ್ಯರೇ. ಆಪರೇಷನ್ ಥಿಯೇಟರಿನಿಂದ ಬಂದ ಕತ್ತರಿ, ಇಕ್ಕಳಗಳನ್ನು ಮೊದಲು ತಣ್ಣೀರಿನಲ್ಲೇ ಹಾಕಬೇಕು. ಬಿಸಿನೀರು ಬಿದ್ದರೆ ರಕ್ತ ಲೋಹಕ್ಕೆ ಕಚ್ಚಿಕೊಳ್ಳುತ್ತದೆ. ಆಮೇಲೆ ಔಷಧದ ನೀರಿನಲ್ಲಿ ನೆನೆಸಿ, ಪ್ರತಿ ಹಲ್ಲು, ಪ್ರತಿ ಕೀಲು, ಪ್ರತಿ ತೂತಿಗೂ ಅದರ ಅಳತೆಯದೇ ಬ್ರಷ್ ಹಾಕಿ ಉಜ್ಜಬೇಕು. ಆಮೇಲೆ ಒಣಗಿಸಿ ಪರೀಕ್ಷೆಯ ಮೇಜಿಗೆ. ಆ ಮೇಜಿನ ಮೇಲೆ ಬಿಳಿ ಬಟ್ಟೆ, ಬಗ್ಗುವ ಕತ್ತಿನ ದೀಪ, ಅದಕ್ಕೆ ಅಂಟಿದಂತೆ ಅಂಗೈಯಗಲದ ಭೂತಕನ್ನಡಿ ಇದ್ದವು. ಕೀಲನ್ನು ಪೂರ್ತಿ ತೆರೆದು ಬಿಳಿ ಗಾಜ್ ಬಟ್ಟೆಯಿಂದ ಒರೆಸಬೇಕು. ಬಟ್ಟೆ ಬಿಳಿಯಾಗಿಯೇ ಉಳಿದರೆ ಮುಂದಕ್ಕೆ, ಕಂದು ಗೆರೆ ಬಂದರೆ ಮರಳಿ ತೊಟ್ಟಿಗೆ. ಇಷ್ಟಾದ ಮೇಲೆ ಉಗಿಯ ಯಂತ್ರ. ನನಗೆ ಕೆಲಸ ಕಲಿಸಿದವರನ್ನು ನಾವೆಲ್ಲ ದೊಡ್ಡಕ್ಕ ಎನ್ನುತ್ತಿದ್ದೆವು. ಮೊದಲ ದಿನವೇ ನನ್ನ ಕೈಗೆ ಬ್ರಷ್ ಕೊಟ್ಟು ಹೇಳಿದ್ದರು: “ನೋಡಮ್ಮ, ಕಣ್ಣಿಗೆ ಕಾಣದ್ದನ್ನ ಉಗಿ ನೋಡ್ಕೊಳ್ಳುತ್ತೆ. ಕಣ್ಣಿಗೆ ಕಾಣೋದನ್ನ ನೀನೇ ತೆಗೀಬೇಕು. ಕೊಳೆ ಇದ್ರೆ ಉಗಿ ಅದರ ಹಿಂದಕ್ಕೆ ಹೋಗಲ್ಲ.”

ದೊಡ್ಡಕ್ಕನಿಗೆ ಇನ್ನೊಂದು ಕಟ್ಟಳೆ ಇತ್ತು. ಆಸ್ಪತ್ರೆಗೆ ಯಾವ ಹೊಸ ಉಪಕರಣ ಬಂದರೂ ಅದು ಥಿಯೇಟರಿಗೆ ಹೋಗುವ ಮೊದಲು ಒಂದು ಪೂರ್ತಿ ದಿನ ನಮ್ಮ ಮೇಜಿನ ಮೇಲೆ ಇರಬೇಕು. ಅವರು ಕನ್ನಡಕ ಏರಿಸಿ ಅದರ ಮುಂದೆ ಕೂರುತ್ತಿದ್ದರು. ತಿರುಗಿಸುವರು, ಒತ್ತುವರು, ಎಳೆಯುವರು, ಕಿವಿಯ ಹತ್ತಿರ ಹಿಡಿದು ಅಲುಗಿಸುವರು. ‘ಏನನ್ನೂ ಒಂದೇ ತುಂಡು ಅಂತ ನಂಬಬೇಡಿ. ಬಿಚ್ಚೋಕೆ ಬರೋದನ್ನೆಲ್ಲ ಬಿಚ್ಚಿ’ ಎನ್ನುವರು. ಸರ್ಜನ್ ಸಾಹೇಬರು ಮೇಲಿನಿಂದ ಫೋನ್ ಮಾಡಿ ಗದರಿದರೂ, “ಇನ್ನೂ ಪರಿಚಯ ಆಗಿಲ್ಲ ಸರ್, ನಾಳೆ ಕಳಿಸ್ತೀನಿ” ಎಂದು ಇಟ್ಟುಬಿಡುವರು. ನಾವು ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತಿದ್ದೆವು. ಅವರು ನಿವೃತ್ತರಾದ ಮೇಲೆ ಆ ಕಟ್ಟಳೆಯನ್ನು ನಾನು ನಡೆಸಿಕೊಂಡು ಬಂದೆ, ನೀವು ಮೇಜನ್ನೇ ತೆಗೆಯುವವರೆಗೆ.

ಮೇಜು ತೆಗೆಸಿದ ಆ ನಿಮ್ಮ ಸುತ್ತೋಲೆ ನನಗೆ ಬಾಯಿಪಾಠ. ‘ಉಪಕರಣಗಳು ಉಗಿಯಂತ್ರದಲ್ಲಿ ಸಂಪೂರ್ಣ ಕ್ರಿಮಿಮುಕ್ತವಾಗುವುದರಿಂದ ಪ್ರತ್ಯೇಕ ದೃಷ್ಟಿಪರೀಕ್ಷೆಯು ಅನಗತ್ಯ ವಿಳಂಬಕ್ಕೆ ಕಾರಣವಾಗುತ್ತಿದ್ದು...’ ಎಷ್ಟು ಸೊಗಸಾದ ವಾಕ್ಯ. ನೋಡುವುದೇ ವಿಳಂಬ. ಹಾಗಾದರೆ ಊಟ ಬೇಯಿಸುವ ಮೊದಲು ಅಕ್ಕಿ ಆರಿಸುವುದೂ ವಿಳಂಬವೇ, ಬೆಂಕಿ ಹೇಗೂ ಎಲ್ಲವನ್ನೂ ಬೇಯಿಸುತ್ತದಲ್ಲ. ಬೆಂದ ಕಲ್ಲು ಕಲ್ಲೇ ಎಂದು ತಿಳಿಯಲು ಅಧೀಕ್ಷಕರಾಗಬೇಕಿಲ್ಲ, ಒಂದು ಹಲ್ಲು ಇದ್ದರೆ ಸಾಕು. ಒಂದು ಮಧ್ಯಾಹ್ನ ಇಬ್ಬರು ಬಂದು ಮೇಜನ್ನು ಎತ್ತಿಕೊಂಡು ಹೋದರು. ಭೂತಕನ್ನಡಿಯ ದೀಪ ದಾಖಲೆ ವಿಭಾಗದ ಗುಮಾಸ್ತರ ಪಾಲಾಯಿತು, ಸಣ್ಣಕ್ಷರ ಓದಲು ಅನುಕೂಲವಂತೆ. ಮೇಜು ಈಗ ನಿಮ್ಮ ಕೋಣೆಯ ಹೊರಗಿನ ಹಜಾರದಲ್ಲಿದೆ. ಅದರ ಮೇಲೆ ಸಲಹಾ ಪೆಟ್ಟಿಗೆ ಇಟ್ಟಿದ್ದೀರಿ. ದಿನಕ್ಕೆ ಎಷ್ಟು ಸಲಹೆ ಬೀಳುತ್ತವೆಯೋ ಗೊತ್ತಿಲ್ಲ, ನನ್ನವು ಮೂರು ಅದರೊಳಗೆ ಇವೆ.

ಮೇಜು ಹೋಯಿತು, ಆದರೆ ಕಾರ್ಡಿನಲ್ಲಿದ್ದ ‘ಪರೀಕ್ಷಿಸಲಾಗಿದೆ’ ಎಂಬ ಸಾಲು ಹೋಗಲಿಲ್ಲ. ತಪಾಸಣೆಗೆ ಬಂದವರಿಗೆ ತೋರಿಸಲು ಅದು ಬೇಕಿತ್ತು. ಉಪಕರಣ ಜೋಡಿಸಿದ ಪ್ರತಿ ಟ್ರೇ ಜೊತೆ ಒಂದು ಕಾರ್ಡು, ಪ್ರತಿ ಕಾರ್ಡಿಗೆ ಒಂದು ಸಹಿ. ಇಬ್ಬರು ಮಾಡುವ ಕೆಲಸಕ್ಕೆ ಒಬ್ಬಳನ್ನು ಉಳಿಸಿದ್ದಿರಿ. ಬೆಳಗ್ಗೆ ಬಂದ ಕೂಡಲೇ ದಿನದ ಕಾರ್ಡುಗಳಿಗೆಲ್ಲ ಒಂದೇ ಪಟ್ಟಿಗೆ ಸಹಿ ಗೀಚಿ ಇಟ್ಟುಕೊಳ್ಳುವುದು ನನಗೆ ಅಭ್ಯಾಸವಾಯಿತು. ಟ್ರೇ ಇನ್ನೂ ಥಿಯೇಟರಿನಲ್ಲಿರುವಾಗಲೇ, ಅದರೊಳಗಿನ ಕತ್ತರಿ ಇನ್ನೂ ಯಾರದೋ ಹೊಟ್ಟೆಯಲ್ಲಿರುವಾಗಲೇ, ಅದು ಪರೀಕ್ಷಿಸಲ್ಪಟ್ಟಿರುತ್ತಿತ್ತು. ಇದು ನನ್ನ ತಪ್ಪು. ನಿಮ್ಮ ಸುತ್ತೋಲೆಯ ನೆರಳಿನಲ್ಲಿ ಅಡಗಿಸಿಕೊಳ್ಳಲು ಇದನ್ನು ಬರೆಯುತ್ತಿಲ್ಲ. ದೊಡ್ಡಕ್ಕನಿಗೆ ಗೊತ್ತಾಗಿದ್ದರೆ ಬ್ರಷ್ಷಿನಿಂದಲೇ ನನ್ನ ಬೆರಳಿಗೆ ಬಡಿಯುತ್ತಿದ್ದರು.

ಆಗ ಬಂತು ಹದಿನೇಳನೇ ನಂಬರಿನ ಟ್ರೇ. ಮೊಣಕಾಲಿಗೆ ಸಣ್ಣ ತೂತು ಮಾಡಿ ಒಳಗೆ ಇಳಿಸುವ ಹೊಸ ಕೊಳವೆಯ ಸೆಟ್. ಕಂಪನಿಯವನು ನಾಲ್ಕನೇ ಮಹಡಿಯ ಸಭಾಂಗಣದಲ್ಲಿ ಪರದೆ ಇಳಿಸಿ ಅದರ ಬಗ್ಗೆ ಗಂಟೆಗಟ್ಟಲೆ ವಿವರಿಸಿದನಂತೆ. ಡಾಕ್ಟರುಗಳು ಬಂದಿದ್ದರು, ಖರೀದಿ ವಿಭಾಗದವರು ಬಂದಿದ್ದರು, ಲೆಕ್ಕಪತ್ರದವರೂ ಬಂದಿದ್ದರು. ತೊಳೆಯುವವರನ್ನು ಕರೆಯಬೇಕೆಂದು ಯಾರಿಗೂ ಹೊಳೆಯಲಿಲ್ಲ. ಜೊತೆಗೆ ಬಂದ ಕೈಪಿಡಿ ನಿಮ್ಮ ಕಚೇರಿಯ ಬೀರುವಿನಲ್ಲಿ ಭದ್ರವಾಗಿ ಕೂತಿತು. ನಮಗೆ ಇಳಿದು ಬಂದದ್ದು ಒಂದು ಮೆಮೊ ಮಾತ್ರ: ಹೊಸ ಉಪಕರಣಗಳಿಗೆ ಹಾನಿಯಾದಲ್ಲಿ ಸಂಬಂಧಪಟ್ಟ ಸಿಬ್ಬಂದಿಯ ವಿರುದ್ಧ ಶಿಸ್ತುಕ್ರಮ. ಹೀಗೆ ಆ ಕೊಳವೆ ನಮ್ಮ ಕೈಗೆ ಬಂದಾಗ ಅದರ ಬಗ್ಗೆ ನಮಗೆ ಗೊತ್ತಿದ್ದದ್ದು ಹೆದರಿಕೆಯೊಂದೇ.

ಇನ್ನು ನನ್ನ ತಂಗಿಯ ವಿಷಯ. ಅಮ್ಮ ತೀರಿಕೊಂಡಾಗ ಅವಳಿಗೆ ಒಂಬತ್ತು, ನನಗೆ ಇಪ್ಪತ್ತೆರಡು. ಅಂದಿನಿಂದ ಅವಳ ತಲೆ ಬಾಚಿದವಳು, ಬೈದವಳು, ಜ್ವರ ಬಂದರೆ ಪಕ್ಕದಲ್ಲಿ ಮಲಗಿದವಳು ನಾನು. ಬೆಳೆದು ಅವಳು ಸಿಟಿ ಬಸ್ಸಿನ ಡ್ರೈವರ್ ಆದಳು. ಹದಿನಾಲ್ಕು ವರ್ಷ ಓಡಿಸಿದ್ದಾಳೆ. ಡಿಪೋದಲ್ಲಿ ಅವಳಿಗೆ ‘ಮೆತ್ತನೆ ಬ್ರೇಕು’ ಎಂದು ಹೆಸರು. ಅವಳು ಬಸ್ ನಿಲ್ಲಿಸಿದರೆ ನಿಂತ ಪ್ರಯಾಣಿಕರು ಮುಂದಕ್ಕೆ ವಾಲುವುದಿಲ್ಲ ಎಂಬುದು ಅವಳ ಹೆಮ್ಮೆ. ವರ್ಷಗಟ್ಟಲೆ ಕ್ಲಚ್ ಒತ್ತಿ ಒತ್ತಿ ಎಡಮೊಣಕಾಲಿನ ಮೃದ್ವಸ್ಥಿ ಹರಿದಿತ್ತು. ಸಣ್ಣ ಆಪರೇಷನ್, ಎರಡು ದಿನ ಆಸ್ಪತ್ರೆ, ಆರು ವಾರದಲ್ಲಿ ಮತ್ತೆ ಸೀಟಿಗೆ ಎಂದರು ಡಾಕ್ಟರು. ಬೇರೆ ಆಸ್ಪತ್ರೆಗೂ ಹೋಗಬಹುದಿತ್ತು. ಹೋಗೋಣ ಎಂದು ನಾನೇ ಒಮ್ಮೆ ಅಂದೆ. ಅವಳು ಮುಖ ನೋಡಿ ನಕ್ಕಳು. “ಅಲ್ಲೆಲ್ಲ ಯಾರು ತೊಳೀತಾರೋ ಏನೋ. ಇಲ್ಲಿ ನೀನಿದ್ದೀಯಲ್ಲ ಅಕ್ಕ, ಇನ್ನೇನು ಭಯ?”

ನಮ್ಮ ತೊಳೆಯುವ ಕೋಣೆಯಲ್ಲಿ ನಿಮಗೆ ಗೊತ್ತಿಲ್ಲದ ಒಂದು ರೂಢಿ ಇದೆ, ಮಾನ್ಯರೇ. ನಮ್ಮವರು ಯಾರಾದರೂ ಥಿಯೇಟರಿಗೆ ಹೋಗುವ ದಿನ ಅವರ ಟ್ರೇಯನ್ನು ನಾವೇ ಆರಿಸುತ್ತೇವೆ. ಆಟೋಕ್ಲೇವ್ ನಡೆಸುವ ನಮ್ಮ ಉಗಿಯಣ್ಣನ ಹೆಂಡತಿಗೆ ಹೆರಿಗೆಯಾದಾಗಲೂ ಹಾಗೆಯೇ ಮಾಡಿದ್ದೆವು. ನಮ್ಮ ಕೈಯಲ್ಲಿ ಮಾಡಲು ಬೇರೆ ಉಪಕಾರ ಏನಿದೆ? ಮೊಣಕಾಲಿಗೆ ಎರಡು ಸೆಟ್ ಇದ್ದವು. ಹಳೆಯದು ಒಂಬತ್ತು ವರ್ಷದ್ದು, ಅದರ ಪ್ರತಿ ಗೀರೂ ನನಗೆ ಪರಿಚಿತ, ಆದರೆ ಬಣ್ಣಗೆಟ್ಟಿತ್ತು. ಹೊಸದು ಕನ್ನಡಿಯಂತೆ ಹೊಳೆಯುತ್ತಿತ್ತು. ನನ್ನ ತಂಗಿಗೆ ಹೊಳೆಯುವುದನ್ನೇ ಆರಿಸಿದೆ.

ಆ ದಿನ ಕಾರ್ಡಿಗೆ ಮೊದಲೇ ಸಹಿ ಹಾಕಲಿಲ್ಲ. ಬಾಗಿಲು ಹಾಕಿಕೊಂಡು, ನನ್ನ ಕನ್ನಡಕದ ಮೇಲೆ ಉಗಿಯಣ್ಣನ ಕನ್ನಡಕವನ್ನೂ ಏರಿಸಿ, ಛಾವಣಿಯ ಹತ್ತಿರದ ಬೆಳಕಿಂಡಿಯ ಕೆಳಗೆ ನಿಂತು ಒಂದೊಂದೇ ಉಪಕರಣವನ್ನು ಎತ್ತಿ ನೋಡಿದೆ. ಕೊಳವೆಯ ಬುಡದಲ್ಲಿ ತೆಳುವಾದ ಒಂದು ಉಂಗುರವಿದೆ. ಅದನ್ನು ಒರೆಸುವಾಗ ಉಂಗುರ ಕೂದಲೆಳೆಯಷ್ಟು ಅಲುಗಿತು. ಸಡಿಲವಾಗಿದೆ, ನಾಳೆ ಇವಳ ಮೊಣಕಾಲಿನೊಳಗೆ ಕಳಚಿಕೊಂಡರೇನು ಗತಿ ಎಂದುಕೊಂಡೆ. ಬಟ್ಟೆ ಸುತ್ತಿ, ಶಕ್ತಿಯೆಲ್ಲ ಹಾಕಿ ಬಿಗಿ ಮಾಡಿದೆ. ಆಮೇಲೆ ನೆಮ್ಮದಿಯಿಂದ ಸಹಿ ಹಾಕಿದೆ. ಅಷ್ಟು ಅಂದವಾಗಿ ನಾನು ಯಾವ ಕಾರ್ಡಿಗೂ ಸಹಿ ಹಾಕಿರಲಿಲ್ಲ.

ಆ ಉಂಗುರ ಇದ್ದದ್ದು ಬಿಚ್ಚುವುದಕ್ಕೆ.

ಐದನೇ ದಿನ ಅವಳಿಗೆ ಜ್ವರ ಬಂತು. ಒಂಬತ್ತನೇ ದಿನ ಮೊಣಕಾಲು ಕುಂಬಳಕಾಯಿಯಷ್ಟು ಊದಿ ಕೆಂಪಾಯಿತು. ಮತ್ತೆ ಥಿಯೇಟರು, ಒಳಗೆಲ್ಲ ತೊಳೆದರು. ಹತ್ತು ದಿನ ಬಿಟ್ಟು ಮತ್ತೊಮ್ಮೆ ತೊಳೆದರು. ಊಟದ ಬಿಡುವಿನಲ್ಲಿ ಮೂರನೇ ಮಹಡಿಗೆ ಹತ್ತಿ ಹೋಗಿ ಅವಳ ಹಣೆಯ ಮೇಲೆ ಒದ್ದೆ ಬಟ್ಟೆ ಇಟ್ಟು, ಮತ್ತೆ ಕೆಳಗಿಳಿದು ಕೆಲಸಕ್ಕೆ ನಿಲ್ಲುತ್ತಿದ್ದೆ. ಆ ಮೂರು ವಾರದಲ್ಲಿ ಹದಿನೇಳನೇ ಟ್ರೇ ಹನ್ನೊಂದು ಸಲ ನನ್ನ ಮುಂದೆ ಬಂತು, ಹನ್ನೊಂದು ಸಲ ಹೋಯಿತು. ಮೇಲೆ ಅವಳು ಚಳಿಯಲ್ಲಿ ನಡುಗುತ್ತಿದ್ದಾಗ ಕೆಳಗೆ ನಾನು ಅದೇ ಕೊಳವೆಯನ್ನು ಬಿಚ್ಚದೆ ತೊಳೆದು, ಅದೇ ಉಂಗುರವನ್ನು ಬಿಗಿ ಮಾಡಿ ಇನ್ನೊಬ್ಬರಿಗೆ ಕಳಿಸುತ್ತಿದ್ದೆ.

ಅವಳ ಮೂರನೇ ಆಪರೇಷನ್ನಿನ ಮರುದಿನ ಊಟದ ಡಬ್ಬಿ ತೆರೆಯಲಿಲ್ಲ. ದೊಡ್ಡಕ್ಕ ಇದ್ದಿದ್ದರೆ ಏನು ಮಾಡುತ್ತಿದ್ದರು ಎಂದು ಯೋಚಿಸುತ್ತ ಅವಳಿಗೆ ಬಳಸಿದ ಉಪಕರಣಗಳನ್ನು ಒಂದೊಂದಾಗಿ ಮುಂದಿಟ್ಟುಕೊಂಡು ಕೂತೆ. ಕೊಳವೆಯನ್ನು ಕಿವಿಯ ಹತ್ತಿರ ಹಿಡಿದು ಅಲುಗಿಸಿದೆ. ಒಳಗೆ ಏನೋ ಅಲ್ಲಾಡಿದಂತಾಯಿತು. ಶಿಸ್ತುಕ್ರಮ ಬಂದರೆ ಬರಲಿ ಎಂದು ಉಂಗುರವನ್ನು ಒತ್ತಿ ತಿರುಗಿಸಿದೆ. ಟಿಕ್ ಎಂದಿತು. ಹೊರಗಿನ ಕೊಳವೆ ಒಂದು ಕೈಯಲ್ಲಿ ಉಳಿದು, ಅದರೊಳಗಿನಿಂದ ಇನ್ನೊಂದು ಕೊಳವೆ ಇನ್ನೊಂದು ಕೈಗೆ ಬಂತು. ಎರಡರ ನಡುವಿನ ಸಂದಿಯಲ್ಲಿ ಕಂದು ಬಣ್ಣದ ಗಸಿ ಪದರ ಪದರವಾಗಿ ಕೂತಿತ್ತು. ಬಿಳಿ ಬಟ್ಟೆಯಿಂದ ಒಮ್ಮೆ ಒರೆಸಿದೆ, ಬಟ್ಟೆಯ ಬಣ್ಣ ಹೇಳಲಾರೆ.

ಉಗಿಯಣ್ಣ ಬಂದು ಎರಡೂ ಕೊಳವೆಗಳನ್ನು ನೋಡಿದ. “ಪಟ್ಟಿ ಕಪ್ಪಾಗಿತ್ತಲ್ಲ ಅಕ್ಕ,” ಎಂದ. ಪೊಟ್ಟಣದೊಳಗೆ ಇಡುವ ಆ ಕಾಗದದ ಪಟ್ಟಿ ಉಗಿ ತಾಗಿದರೆ ಬಣ್ಣ ಬದಲಿಸುತ್ತದೆ. “ಪ್ರತಿ ಸಲಾನೂ ಕಪ್ಪಾಗಿತ್ತು. ನಾನೇ ನೋಡಿದ್ದೀನಿ.”

“ಪಟ್ಟಿಗೆ ಉಗಿ ತಾಗಿತ್ತು ಕಣಪ್ಪ. ಇದಕ್ಕೆ ತಾಗಿಲ್ಲ,” ಎಂದೆ.

ಬಟ್ಟೆ ಮತ್ತು ಬಿಚ್ಚಿದ ಕೊಳವೆಯನ್ನು ಟ್ರೇಯಲ್ಲಿಟ್ಟುಕೊಂಡು ಲಿಫ್ಟಿಗೂ ಕಾಯದೆ ನಾಲ್ಕು ಮಹಡಿ ಹತ್ತಿ ಬಂದೆ. ನೀವು ಒಳ್ಳೆಯ ಮಾತಿನಲ್ಲೇ ಮಾತಾಡಿದಿರಿ, ಅದನ್ನು ಅಲ್ಲಗಳೆಯುವುದಿಲ್ಲ. ಕುಳಿತುಕೊಳ್ಳಿ ಅಂದಿರಿ, ನೀರು ತರಿಸಿದಿರಿ. “ನಿಮ್ಮ ತಂಗಿ ವಿಷಯದಲ್ಲಿ ನಮಗೂ ನೋವಿದೆಯಮ್ಮ. ಆದರೆ ಇದರಿಂದಲೇ ಹೀಗಾಯ್ತು ಅಂತ ಹೇಗೆ ಹೇಳ್ತೀರಿ?” ಅಂದಿರಿ. ಪ್ರಶ್ನೆ ಸರಿಯಾದದ್ದೇ. ಇದರಿಂದಲೇ ಎಂದು ಪ್ರಮಾಣ ಮಾಡಿ ನಾನೂ ಹೇಳಲಾರೆ. ಇದರಿಂದ ಅಲ್ಲ ಎಂದು ಪ್ರಮಾಣ ಮಾಡಿ ನೀವು ಹೇಳಬಲ್ಲಿರಾ? ಆಮೇಲೆ ಟ್ರೇ ಜೊತೆಗಿದ್ದ ಕಾರ್ಡನ್ನು ನನ್ನ ಕಡೆಗೆ ಸರಿಸಿ ಮೆಲ್ಲಗೆ, “ಸಹಿ ನಿಮ್ಮದೇ ಇದೆಯಲ್ಲ,” ಅಂದಿರಿ. ಉಳಿದವರಿಗೆ ಹೇಳಿ ಕರೆಸಿ ನೋಡಬೇಕಲ್ಲವೇ ಸಾರ್ ಎಂದು ಕೇಳಿದ್ದಕ್ಕೆ, “ಸುಮ್ಮನೆ ಯಾಕೆ ಅವರಿಗೆಲ್ಲ ಗಾಬರಿ? ಚೆನ್ನಾಗೇ ಇರ್ತಾರೆ ಬಿಡಿ,” ಅಂದಿರಿ. ನಿಮ್ಮ ಸಹಾಯಕರು ಬಾಗಿಲು ತೆರೆದು ಹಿಡಿದರು.

ಆಮೇಲೆ ನಿಮ್ಮ ಆಡಳಿತ ತೋರಿದ ಚುರುಕನ್ನು ಮೆಚ್ಚಲೇಬೇಕು. ಆರು ವರ್ಷ ಆ ಕೋಣೆಯ ಸೋರುವ ನಲ್ಲಿಯನ್ನು ಸರಿಮಾಡಿಸಲಾಗದವರು ನಾಲ್ಕೇ ದಿನದಲ್ಲಿ ಗೋಡೆಗೆ ಪ್ಲಾಸ್ಟಿಕ್ ಹೊದಿಸಿದ ಬಣ್ಣದ ಚಿತ್ರವೊಂದನ್ನು ಅಂಟಿಸಿದಿರಿ: ಕೊಳವೆಯನ್ನು ಬಿಚ್ಚುವ ವಿಧಾನ, ಬಾಣದ ಗುರುತುಗಳ ಸಮೇತ. ಬೀರುವಿನ ಬೀಗದ ಕೈ ಕೊನೆಗೂ ಸಿಕ್ಕಿತ್ತು. ನನಗೆ ವಿಶ್ರಾಂತಿ ಬೇಕೆಂದು ಬಟ್ಟೆ ವಿಭಾಗಕ್ಕೆ ಹಾಕಿದಿರಿ. ಈಗ ಹಾಸಿಗೆ ಹೊದಿಕೆ ಮಡಿಸುತ್ತೇನೆ, ಅವುಗಳಲ್ಲಿ ಬಿಚ್ಚುವಂಥದ್ದು ಏನೂ ಇಲ್ಲ. ಕಳೆದ ತಿಂಗಳು ವಿಚಾರಣೆಯ ವರದಿ ಬಂತು. ಕ್ರಿಮಿಶುದ್ಧಿಯ ದಾಖಲೆಗಳು ಕ್ರಮಬದ್ಧವಾಗಿವೆ, ಸೋಂಕಿಗೆ ರೋಗಿಯ ದೇಹಪ್ರಕೃತಿ ಕಾರಣವಿರಬಹುದು ಎಂದಿದೆ ಅದರಲ್ಲಿ. ಹದಿನಾಲ್ಕು ವರ್ಷದಲ್ಲಿ ಎರಡು ದಿನ ಮಾತ್ರ ಕಾಯಿಲೆ ರಜೆ ಹಾಕಿದ ದೇಹಪ್ರಕೃತಿ ಅದು. ಗೋಡೆಯ ಚಿತ್ರಕ್ಕೂ ವರದಿಗೂ ಒಂದಕ್ಕೊಂದು ಪರಿಚಯವೇ ಇಲ್ಲವೇ, ಮಾನ್ಯರೇ? ಎಲ್ಲ ಸರಿಯಿದ್ದರೆ ಆ ಚಿತ್ರ ಯಾಕೆ ಬೇಕಾಯಿತು?

ನನ್ನ ತಂಗಿಯ ಮೊಣಕಾಲು ಈಗ ಬಗ್ಗುವುದಿಲ್ಲ. ಕೊಳೆತ ಕೀಲನ್ನು ತೆಗೆದು ಎರಡು ಮೂಳೆಗಳನ್ನು ಸೇರಿಸಿ ಕೂರಿಸಿಬಿಟ್ಟಿದ್ದಾರೆ. ಕಾಲು ಉಳಿಯಿತಲ್ಲ ಎಂದು ಸಮಾಧಾನ ಹೇಳುವವರಿದ್ದಾರೆ. ತಾನು ಓಡಿಸುತ್ತಿದ್ದ ದಾರಿಯ ಬಸ್ಸಿನಲ್ಲೇ ಈಗ ಪ್ರಯಾಣಿಕಳಾಗಿ ಫಿಸಿಯೋಥೆರಪಿಗೆ ಬರುತ್ತಾಳೆ. ಕೂತರೆ ಎಡಗಾಲು ನೆಟ್ಟಗೆ ದಾರಿಗೆ ಚಾಚಿಕೊಳ್ಳುತ್ತದೆ. ಜನ ಎಡವುತ್ತಾರೆ, ಬೈಯುತ್ತಾರೆ. ಅವಳು ಎಲ್ಲರಿಗೂ ಸಾರಿ ಕೇಳುತ್ತಾಳೆ. ಡ್ರೈವರ್ ಬ್ರೇಕ್ ಹಾಕಿದಾಗಲೆಲ್ಲ ಅವಳ ಬಲಪಾದ ತಾನಾಗಿ ನೆಲವನ್ನು ಒತ್ತುವುದನ್ನು ಪಕ್ಕದಲ್ಲಿ ಕೂತು ನೋಡುತ್ತೇನೆ. ಕಿಟಕಿಯ ಕಡೆ ಮುಖ ತಿರುಗಿಸಿಕೊಳ್ಳುತ್ತೇನೆ.

ಈ ಏಳು ತಿಂಗಳು ನನ್ನನ್ನು ಸಂತೈಸಿದವಳು ಅವಳೇ. “ಅಳಬೇಡ ಅಕ್ಕ. ನೀನು ತೊಳೆದಿದ್ದಕ್ಕೆ ಇಷ್ಟರಲ್ಲೇ ಹೋಯ್ತು. ಬೇರೆ ಯಾರಾದ್ರೂ ಆಗಿದ್ರೆ ನನ್ನ ಪ್ರಾಣಾನೇ ಹೋಗಿರೋದು.” ಎಷ್ಟು ಸಲ ಹೇಳಿದ್ದಾಳೋ ಲೆಕ್ಕವಿಲ್ಲ. ನೆಂಟರ ಮುಂದೆ, ಡಿಪೋದ ಗೆಳತಿಯರ ಮುಂದೆಯೂ ಹೇಳುತ್ತಾಳೆ. ಪ್ರತಿ ಸಲವೂ ಬಾಯಿ ತೆರೆಯಬೇಕೆಂದುಕೊಂಡು ಪ್ರತಿ ಸಲವೂ ಅನ್ನ ಬಡಿಸಲು ಎದ್ದು ಹೋದೆ. ನಿಮ್ಮನ್ನು ಮಾತ್ರ ಮುಚ್ಚಿಟ್ಟವರೆಂದು ದೂರುವ ಯೋಗ್ಯತೆ ನನಗೆಲ್ಲಿತ್ತು? ನೀವು ನಲವತ್ತೊಂದು ಜನರಿಂದ ಮುಚ್ಚಿಟ್ಟಿರಿ, ನಾನು ನನ್ನ ಮನೆಯಲ್ಲೇ ಒಬ್ಬಳಿಂದ.

ಕಳೆದ ವಾರ ಹೊದಿಕೆಗಳ ಗಾಡಿ ತಳ್ಳಿಕೊಂಡು ಹೋಗುವಾಗ ಮೂಳೆ ವಿಭಾಗದ ಬೆಂಚಿನಲ್ಲಿ ಒಬ್ಬರು ಪ್ಯಾಂಟು ಮಡಚಿ ಮೊಣಕಾಲು ನೀವಿಕೊಳ್ಳುತ್ತಿದ್ದರು. ಉಗುರುಗಳಲ್ಲಿ ಬಣ್ಣ ಮೆತ್ತಿತ್ತು. ಗೋಡೆಗೆ ಬಣ್ಣ ಬಳಿಯುವವರು, ಏಣಿ ಹತ್ತಿಳಿಯುವ ಕೆಲಸ. ಆಪರೇಷನ್ ಆಗಿ ಇಷ್ಟು ತಿಂಗಳಾದರೂ ಬಾವು ಬರುತ್ತದೆ, ಹೋಗುತ್ತದೆ, ಸಂಜೆಯಾದರೆ ಮೈ ಬಿಸಿಯಾಗುತ್ತದೆ ಎಂದರು. “ವಯಸ್ಸಾಯ್ತಲ್ಲ, ಐಸ್ ಇಡಿ ಅಂದ್ರು ಅಮ್ಮ. ನಂಗೆ ಮೂವತ್ತೆಂಟು,” ಎಂದು ನಕ್ಕರು. ಯಾವಾಗ ಆಪರೇಷನ್ ಆಯಿತೆಂದು ಕೇಳಿದೆ. ತಾರೀಖು ಹೇಳಿದರು. ದೊಡ್ಡಕ್ಕ ಕಲಿಸಿದ ಅಭ್ಯಾಸದಿಂದ ಪ್ರತಿ ಟ್ರೇ ಹೋದ ದಿನವನ್ನು ನನ್ನ ಪುಸ್ತಕದಲ್ಲಿ ಗುರುತು ಹಾಕಿಕೊಳ್ಳುತ್ತೇನೆ. ಮನೆಗೆ ಹೋಗಿ ತೆರೆದು ನೋಡಿದೆ. ಹದಿನೇಳನೇ ಟ್ರೇ ಹೋದ ಲೆಕ್ಕದಲ್ಲಿ ನನ್ನ ತಂಗಿಯ ಸರದಿ ಮೂವತ್ತೊಂದನೆಯದು, ಅವರದು ಮೂವತ್ತಾರನೆಯದು. ಆ ಬೆಂಚಿನ ಮುಂದೆ ನಿಂತಾಗಲೇ ನನಗೆ ಗೊತ್ತಾಗಿತ್ತು, ಆದರೂ ‘ಹುಷಾರು’ ಎಂದಷ್ಟೇ ಹೇಳಿ ಗಾಡಿ ತಳ್ಳಿಕೊಂಡು ಬಂದುಬಿಟ್ಟೆ. ಆ ಮೊಣಕಾಲನ್ನು ಇವತ್ತು ತೆರೆದು ತೊಳೆದರೆ ಬಹುಶಃ ಉಳಿಯುತ್ತದೆ. ಐಸ್ ಇಡುತ್ತ ಸೋಂಕು ಬಲಿಯಲು ಬಿಟ್ಟರೆ ಏನಾಗುತ್ತದೆಂದು ನನ್ನ ಮನೆಗೆ ಬಂದರೆ ತೋರಿಸುತ್ತೇನೆ.

ಆದ್ದರಿಂದ ನನ್ನ ಬೇಡಿಕೆ ಇದು. ನನ್ನ ತಂಗಿಯನ್ನು ಬಿಟ್ಟು ಉಳಿದ ಆ ನಲವತ್ತೊಂದು ಜನರಿಗೂ ಹೇಳಿ. ಫೋನ್ ಮಾಡಿಸಿ, ಮನೆಗೆ ಜನ ಕಳಿಸಿ, ಕರೆಸಿ ಕೂರಿಸಿ, ನೀವೇ ಬಾಯಿಬಿಟ್ಟು ಹೇಳಿ. ಅವರ ಮೊಣಕಾಲು ನೋಡಿ, ರಕ್ತ ಪರೀಕ್ಷೆ ಮಾಡಿಸಿ, ಚೆನ್ನಾಗಿರುವವರಿಗೆ ಚೆನ್ನಾಗಿದ್ದೀರಿ ಎಂದು ಹೇಳಿ ಕಳಿಸಿ. ತಾರೀಖುಗಳು ನನ್ನ ಹತ್ತಿರ ಇವೆ, ಹೆಸರುಗಳು ನಿಮ್ಮ ಹತ್ತಿರ ಇವೆ. ಎರಡನ್ನೂ ಒಂದೆಡೆ ಇಡಲು ಒಂದು ಬೆಳಗು ಸಾಕು. ಅದಕ್ಕೆ ಒಂದು ಮೇಜು ಬೇಕಾದರೆ ನಿಮ್ಮ ಹಜಾರದಲ್ಲೇ ಇದೆ, ಸಲಹಾ ಪೆಟ್ಟಿಗೆಯನ್ನು ಕೆಳಗಿಳಿಸಿ. ಕೆಲಸ ಮುಗಿದ ಮೇಲೆ ಅದನ್ನು ಭೂತಕನ್ನಡಿಯ ಜೊತೆ ನೆಲಮಾಳಿಗೆಗೆ ಕಳಿಸಿ. ನನ್ನ ಮೇಲೆ ಕ್ರಮ ಕೈಗೊಳ್ಳುವುದಿದ್ದರೆ ಕೈಗೊಳ್ಳಿ, ತಕರಾರಿಲ್ಲ. ಅವರಿಗೆ ಹೇಳುವುದಕ್ಕೆ ಮಾತ್ರ ಅದನ್ನು ನೆಪ ಮಾಡಿಕೊಂಡು ತಡಮಾಡಬೇಡಿ. ಬಣ್ಣ ಬಳಿಯುವವರಿಗೆ ಹೇಳಲು ನಾನು ನಿಮಗಾಗಿ ಕಾಯುವುದಿಲ್ಲ, ಸೋಮವಾರ ಅವರು ಮತ್ತೆ ಬರುತ್ತಾರೆ, ಆ ಬೆಂಚಿನ ಹತ್ತಿರ ನಾನಿರುತ್ತೇನೆ.

ಹೇಳುವುದು ಕಷ್ಟ ಎಂದು ನೀವು ಅಂದುಕೊಳ್ಳುವಿರಿ. ಕಷ್ಟವೇ. ಈ ಪತ್ರವನ್ನು ಪತ್ರಿಕೆಗೆ ಕೊಡುವ ಮೊದಲು, ನಿನ್ನೆ ಮಧ್ಯಾಹ್ನ ಊಟವಾದ ಮೇಲೆ, ನನ್ನ ಪಾಲಿನ ಒಬ್ಬಳಿಗೆ ನಾನು ಹೇಳಿದೆ. ಅವಳು ಗೋಡೆಗೊರಗಿ ಕಾಲು ಚಾಚಿ ಕೂತಿದ್ದಳು. ಮಾತಿನಲ್ಲಿ ಹೇಳಲು ಬರಲಿಲ್ಲ. ಕೈಯಲ್ಲಿದ್ದ ಬಾಲ್‌ಪೆನ್ನನ್ನು ತಿರುಗಿಸಿ ಬಿಚ್ಚಿ, ಹೊರಗಿನ ಕೊಳವೆಯನ್ನೂ ಒಳಗಿನ ರೀಫಿಲನ್ನೂ ಅವಳ ಮುಂದೆ ಇಟ್ಟೆ. ಅವಳಿಗಾಗಿ ನಾನು ಆರಿಸಿದ ಟ್ರೇ, ಅಲುಗಿದ ಉಂಗುರ, ನಾನು ಮಾಡಿದ ಬಿಗಿ, ಎಲ್ಲ ಹೇಳಿದೆ.

ಅವಳು ಪೆನ್ನನ್ನು ಎತ್ತಿಕೊಂಡು ಕೂಡಿಸಿದಳು, ಮತ್ತೆ ಬಿಚ್ಚಿದಳು. “ಇಷ್ಟೇನಾ?” ಎಂದಳು.

“ಇಷ್ಟೇ ಕಣೇ.”

“ನಂದಾದ್ಮೇಲೆ ಎಷ್ಟು ಜನ?”

“ಹನ್ನೊಂದು.”

“ಅವರಿಗೆ ಗೊತ್ತಾ?”

ಇಲ್ಲವೆಂದು ತಲೆಯಾಡಿಸಿದೆ. ಅವಳು ಪೆನ್ನಿನ ತುಂಡುಗಳನ್ನು ಕೂಡಿಸಿ ಪಕ್ಕಕ್ಕಿಟ್ಟಳು. ಬೈದಿದ್ದರೆ ಚೆನ್ನಾಗಿತ್ತು. ಆಮೇಲೆ ಚಾಚಿದ ಕಾಲನ್ನೇ ನೋಡುತ್ತ ಹೇಳಿದಳು: “ಬಸ್ಸಲ್ಲಿ ಒಂದು ಸಣ್ಣ ಸದ್ದು ಬಂದ್ರೂ ನಾವು ಮುಂದಿನ ಡ್ರೈವರ್‌ಗೆ ಹೇಳದೆ ಸೀಟಿಂದ ಇಳಿಯಲ್ಲ. ನಿಂಗೆ ಗೊತ್ತಿರಲಿಲ್ಲ, ಬಿಗಿ ಮಾಡಿದೆ. ಅದಕ್ಕೆ ನಾನೇನೂ ಅನ್ನಲ್ಲ. ಗೊತ್ತಾದ ಮೇಲೆ ಏಳು ತಿಂಗಳು ನನ್ನ ಪಕ್ಕದಲ್ಲೇ ಕೂತ್ಕೊಂಡು ಬಂದ್ಯಲ್ಲ ಅಕ್ಕ.”

ರಾತ್ರಿ ಊಟಕ್ಕೆ ಕರೆದರೆ ಬರಲಿಲ್ಲ. ಇಂದು ಬೆಳಗ್ಗೆ ಈ ಪತ್ರವನ್ನು ಅವಳ ಮುಂದಿಟ್ಟೆ. ಮೊದಲಿನಿಂದ ಕೊನೆಯವರೆಗೆ ಓದಿದಳು. ಕೆಳಗೆ ನನ್ನ ಸಹಿಯ ಜೊತೆ ನೀನೂ ಒಂದು ಸಹಿ ಹಾಕುತ್ತೀಯಾ ಎಂದು ಕೇಳಿದೆ, ನೀವು ಅವಳ ಮಾತಿಗಾದರೂ ಬೆಲೆ ಕೊಟ್ಟೀರೆಂಬ ಆಸೆಯಿಂದ. ಅವಳು ಅದೇ ಪೆನ್ನನ್ನು ನನ್ನ ಕೈಗೆ ಕೊಟ್ಟಳು. “ಸಹಿ ನೀನೇ ಹಾಕು,” ಎಂದಳು. “ಈ ಸಲ ನೋಡಿ ಹಾಕು.”

ಇಂತಿ,
ಪ್ರತಿ ಸಾಲನ್ನೂ ಎರಡೆರಡು ಸಲ ಓದಿ, ಆಮೇಲೆ ಸಹಿ ಹಾಕಿರುವ,
ಹದಿನೇಳನೇ ಟ್ರೇ ತೊಳೆದವಳು